ಅರ್ಧಕ್ಕೆ ನಿಂತ ರಾಗದ ಉಳಿದರ್ಧ

ರೌಹಾಲಾ, ಮಿಷಿಗನ್
೧೯೬೭ನೆಯ ಇಸವಿ ಡಿಸೆಂಬರ್ ೯, ಶನಿವಾರ

ಪ್ರೀತಿಯ ತೌನೊ ಅಣ್ಣಾ,

ನಿನ್ನ ಸೊಂಟನೋವು ಈಗ ಹೇಗಿದೆ? ಮೊದಲು ಅದನ್ನೇ ಕೇಳು ಎಂದು ಅಮ್ಮ ಪಕ್ಕದಲ್ಲೇ ಕುಳಿತು ಹೇಳುತ್ತಿದ್ದಾಳೆ, ಅದಕ್ಕೆ ಕೇಳುತ್ತಿದ್ದೇನೆ. ದಿಮ್ಮಿ ಎತ್ತುವಾಗ ಸೊಂಟ ಉಳುಕಿತೆಂದು ನೀನು ಬರೆದದ್ದು ಮೂವತ್ತೇಳರ ಶರತ್ಕಾಲದಲ್ಲಿ. ಅದಾದ ಮೇಲೆ ನಿನ್ನಿಂದ ಒಂದಕ್ಷರ ಬಂದಿಲ್ಲ. ಆದರೂ ಪ್ರತಿ ಡಿಸೆಂಬರಿನಲ್ಲಿ ಅಮ್ಮ ನನ್ನನ್ನು ಈ ಮೇಜಿನ ಮುಂದೆ ಕೂರಿಸುತ್ತಾಳೆ, ರಷ್ಯಾದ ಪೆತ್ರೊಸ್ಕೊಯಿಯ ಅದೇ ಹಳೆಯ ವಿಳಾಸಕ್ಕೆ ಬರೆಸುತ್ತಾಳೆ, ಪ್ರತಿ ಸಲವೂ ನಿನ್ನ ಸೊಂಟದಿಂದಲೇ ಶುರುಮಾಡಿಸುತ್ತಾಳೆ. ಮೂವತ್ತು ವರ್ಷದ ನೋವು ಇಷ್ಟು ಹೊತ್ತಿಗೆ ವಾಸಿಯಾಗಿರಬೇಕು, ಇಲ್ಲವೇ ಅಭ್ಯಾಸವಾಗಿರಬೇಕು ಎಂದು ನಾನೆಂದರೆ, "ಹೇಳಿದ್ದಷ್ಟು ಬರಿಯೇ, ನಿನ್ನ ಬಾಯಿ ಯಾರು ಕೇಳಿದ್ರು" ಎಂದು ಬೈಯುತ್ತಾಳೆ. ಅವಳಿಗೆ ಎಂಬತ್ತೆರಡು ತುಂಬಿತು. ಕಣ್ಣು ಹೋಗಿ ನಾಲ್ಕು ವರ್ಷವಾಯಿತು, ಕಿಟಕಿಯ ಬೆಳಕು ಬಿಟ್ಟರೆ ಏನೂ ತಿಳಿಯದು. ಆದರೆ ಹಲ್ಲಿನ ನಡುವೆ ಸಕ್ಕರೆಯ ಉಂಡೆ ಕಚ್ಚಿಕೊಂಡು ತಟ್ಟೆಯಿಂದ ಕಾಫಿ ಹೀರುವುದರಲ್ಲಿ ಒಂದು ಹನಿ ಚೆಲ್ಲುವುದಿಲ್ಲ. ನಾನು ಇನ್ನೂ ಶಾಲೆಯ ಅಡುಗೆಮನೆಯಲ್ಲೇ ಇದ್ದೇನೆ. ಅಪ್ಪ ನನಗೆ ಹಿಲ್ಯಾ ಎಂದು, ಅಂದರೆ ಮೌನಿ ಎಂದು, ಹೆಸರಿಟ್ಟದ್ದು ಮಕ್ಕಳಿಗೆಲ್ಲ ದೊಡ್ಡ ತಮಾಷೆ.

ಈ ವರ್ಷದ ಸುದ್ದಿ ಎಂದರೆ ಸ್ವಾತಂತ್ರ್ಯದ ಹಬ್ಬ. ಅಪ್ಪ ಅಮ್ಮ ಬಿಟ್ಟು ಬಂದ ಫಿನ್ಲೆಂಡಿಗೆ ಈ ಡಿಸೆಂಬರ್ ಆರಕ್ಕೆ ಐವತ್ತು ತುಂಬಿತು. ಆ ಲೆಕ್ಕದಲ್ಲಿ ಸರೋವರದ ಈ ದಡದಲ್ಲಿ ಫಿನ್ನರಿರುವ ಊರೂರಲ್ಲೂ ಸಂಗೀತ ಕಛೇರಿ. ನಮ್ಮೂರಿಗೂ ಹುಮ್ಮಸ್ಸು ಬಂತು. ಆದರೆ ನಮ್ಮೂರು ನಿನಗೆ ಗೊತ್ತಲ್ಲ. ನೀನು ಹೋದಾಗ ಇದ್ದ ಎರಡು ಸಭಾಂಗಣಗಳೂ ಇನ್ನೂ ಎದುರುಬದುರು ನಿಂತಿವೆ, ರಸ್ತೆಯ ಈಚೆ ಚರ್ಚಿನ ನೆಲಮಾಳಿಗೆ, ಆಚೆ ಕಾರ್ಮಿಕರ ಹಾಲ್. ಇವರ ಕಾಫಿ ಅವರು ಕುಡಿಯುವುದಿಲ್ಲ, ಅವರ ಏಲಕ್ಕಿ ಬನ್ನು ಇವರು ಮುಟ್ಟುವುದಿಲ್ಲ. ಎರಡು ಕಡೆಗೂ ಬನ್ನು ಸುಡುವವಳು ನಾನೇ, ಒಂದೇ ಹಿಟ್ಟಿನದು, ಆದರೂ ಚರ್ಚಿನವರು ಹಾಲ್‌ನವರ ಬನ್ನು ಒಣಕಲೆಂದು ಮೂಗು ಮುರಿಯುತ್ತಾರೆ. ಕಛೇರಿ ಎಲ್ಲಿ ಎಂಬ ಮಾತಿಗೇ ಬೇಸಿಗೆ ಕಳೆಯಿತು. ಕೊನೆಗೆ ಎರಡೂ ಬೇಡ, ಶಾಲೆಯ ಆಟದ ಕೊಠಡಿಯಲ್ಲೇ ಆಗಲಿ ಎಂದಾಯಿತು. ಬ್ಯಾಸ್ಕೆಟ್‌ಬಾಲ್ ಬಳೆಯ ಕೆಳಗೆ ನೀಲಿ ಬಿಳಿ ಬಾವುಟ ಕಟ್ಟಿ ನಾವು ತಾಯ್ನಾಡಿನ ಹಬ್ಬ ಮಾಡಿದೆವು. ಕೊಠಡಿಯ ಬೀಗದಕೈ ನನ್ನ ಹತ್ತಿರ ಇದ್ದದ್ದರಿಂದ ನನಗೆ ಒಂದೇ ವಾರದಲ್ಲಿ ಊರಿನಲ್ಲಿ ಎಲ್ಲಿಲ್ಲದ ಮರ್ಯಾದೆ ಬಂತು.

ಹಾಲ್‌ನ ಕಡೆಯಿಂದ ಮುಂದಾಳು ನಿನ್ನ ವಿಲ್ಯಾಮಿ. ಅದೇ ಅಕಾರ್ಡಿಯನ್ ವಿಲ್ಯಾಮಿ. ನಿನ್ನ ಜೊತೆ ಹಡಗಿಗೆ ಹೆಸರು ಬರೆಸಿ, ಹೆಂಡತಿ ಬಸುರಿಯೆಂದು ಉಳಿದುಕೊಂಡವನು. ಕೂದಲೆಲ್ಲ ಹೋಗಿದೆ, ಬಾಯಿ ಮಾತ್ರ ಹಾಗೇ ಇದೆ. ಚರ್ಚಿನ ಕಡೆಯಿಂದ ಸೆಲ್ಮಾ ಕಂಗಾಸ್, ಪಾದ್ರಿಗಳ ವಿಧವೆ. ಪಾದ್ರಿಗಳು ಎಂದರೆ, ನೀನು ಹೊರಟ ಭಾನುವಾರ ವೇದಿಕೆಯ ಮೇಲಿಂದ "ದೇವರಿಲ್ಲದ ನಾಡಿಗೆ ಹೋಗೋರಿಗೆ ಈ ಬಾಗಿಲು ಮತ್ತೆ ತೆಗೆಯೋದಿಲ್ಲ" ಎಂದರಲ್ಲ, ಅವರೇ. ಅಂದಿನಿಂದ ಇಂದಿನವರೆಗೆ ಅಮ್ಮ ಚರ್ಚಿನಲ್ಲಿ ಬಾಗಿಲ ಪಕ್ಕದ ಕೊನೆಯ ಬೆಂಚಿನಲ್ಲೇ ಕೂರುತ್ತಾಳೆ. ಚಳಿಗಾಳಿ ಬಡಿಯುತ್ತದೆ ಎಂದರೂ ಕೇಳುವುದಿಲ್ಲ. ಮಗ ಬಂದರೆ ತಾನೇ ಬಾಗಿಲು ತೆಗೆಯಬೇಕಂತೆ.

ಕಛೇರಿ ಯಾವುದರಿಂದ ಶುರುವಾಗಬೇಕು ಎಂದು ಇಬ್ಬರೂ ನಮ್ಮ ಅಡುಗೆಮನೆಯಲ್ಲೇ ಹಾವು ಮುಂಗುಸಿಯ ಹಾಗೆ ಕಚ್ಚಾಡಿದರು. ಸೆಲ್ಮಾಗೆ ದೇವರ ಕೀರ್ತನೆ ಬೇಕು. "ಕೀರ್ತನೆ ಹಾಡಿ, ಬೇಡ ಅನ್ನಲ್ಲ. ನಮ್ಮೋರು ಕೂತೇ ಇರ್ತಾರೆ, ಆಮೇಲೆ ಅವಮಾನ ಆಯ್ತು ಅನ್ಬೇಡಿ" ಎಂದ ವಿಲ್ಯಾಮಿ. ಅವನಿಗೆ ಕಾರ್ಮಿಕರ ನಡಿಗೆಯ ಹಾಡು ಬೇಕು. "ಅದನ್ನ ಬಾರಿಸಿದ್ರೆ ನಮ್ಮ ಯಜಮಾನ್ರು ಗೋರಿಯೊಳಗೇ ಮಗ್ಗುಲು ಬದಲಾಯಿಸ್ತಾರೆ" ಎಂದಳು ಸೆಲ್ಮಾ. "ಬದಲಾಯಿಸ್ಲಿ ಬಿಡಿ, ಒಂದೇ ಮಗ್ಗುಲಲ್ಲಿ ಎಷ್ಟು ವರ್ಷ ಮಲಗ್ತಾರೆ ಪಾಪ" ಎಂದ ಇವನು. ಅವಳು ಕೋಟು ಎತ್ತಿಕೊಂಡು ಹೊರಟೇಬಿಟ್ಟಳು. ಆಗ ಮೂಲೆಯಲ್ಲಿ ಕಾಲುಚೀಲ ಹೆಣೆಯುತ್ತಿದ್ದ ಅಮ್ಮ ತಲೆ ಎತ್ತದೆ ಹೇಳಿದಳು: "ಮಾತಿದ್ರೆ ತಾನೆ ನೀವು ಕಿತ್ತಾಡೋದು. ಮಾತಿಲ್ಲದ್ದು ಬಾರಿಸಿ. ನಮ್ಮ ತೌನೊದು ಒಂದಿದೆಯಲ್ಲ, ಕಾಂತೆಲೆ ತಂತಿ ಮೇಲೆ ಕಟ್ಟಿದ್ದು."

ಅಣ್ಣಾ, ನಿನ್ನ ಹೆಸರು ಬಿದ್ದದ್ದೇ ತಡ, ಹೊರಟಿದ್ದ ಸೆಲ್ಮಾ ಬಾಗಿಲಲ್ಲೇ ನಿಂತುಬಿಟ್ಟಳು. ಈ ಊರಿನಲ್ಲಿ ನಿನ್ನ ಹೆಸರನ್ನು ಯಾರೂ ಎತ್ತುವುದಿಲ್ಲ. ಹಾಲ್‌ನವರು ಎತ್ತುವುದಿಲ್ಲ, ಏಕೆಂದರೆ ಹೊಸ ನಾಡು ಕಟ್ಟೋಣ ಬನ್ನಿ ಎಂದು ಬ್ಯಾಂಡು ಬಾರಿಸಿ ನಿಮ್ಮನ್ನೆಲ್ಲ ರಷ್ಯಾದ ಕರೇಲಿಯಕ್ಕೆ ಕಳಿಸಿದವರು ಅವರು. ಚರ್ಚಿನವರು ಎತ್ತುವುದಿಲ್ಲ, ಏಕೆಂದರೆ ಬಾಗಿಲು ಹಾಕಿಕೊಂಡವರು ಅವರು. ಇಬ್ಬರಿಗೂ ಬಾಯಿಗೆ ಬೀಗ. ವಿಲ್ಯಾಮಿ ಟೋಪಿಯನ್ನು ತಿರುಗಿಸುತ್ತಾ ನಿಂತ. ಕೊನೆಗೆ ಸೆಲ್ಮಾಳೇ ಕೋಟು ಮತ್ತೆ ಗೂಟಕ್ಕೆ ಹಾಕಿ, "ಆಗಬಹುದು" ಎಂದಳು. ಆಮೇಲೆ ಮೆಲ್ಲಗೆ, ಕೆಟ್ಟ ಮನಸ್ಸಿನಿಂದಲ್ಲ, ಕಾರ್ಯಕ್ರಮದ ಹಾಳೆಯಲ್ಲಿ ನಿನ್ನ ಹೆಸರಿನ ಮುಂದೆ ಸ್ವರ್ಗಸ್ಥ ಎಂದು ಅಚ್ಚುಹಾಕಿಸಬಹುದೇ ಎಂದು ಕೇಳಿದಳು. ಅಮ್ಮನ ಸೂಜಿ ನಿಂತಿತು. "ಕಾಗದ ಬರೆಯೋಕೆ ಸೋಮಾರಿ ಅಂತ ಬೇಕಾದ್ರೆ ಹಾಕ್ಸಿ. ಸತ್ತೋನು ಅಂತ ನಾನು ಹೇಳೋವರೆಗೂ ಹಾಕೋ ಹಾಗಿಲ್ಲ" ಎಂದು ಕಡ್ಡಿ ಮುರಿದ ಹಾಗೆ ಹೇಳಿದಳು. ಅವರು ಹೋದ ಮೇಲೆ ನನಗೆ ಅವಳ ಲೆಕ್ಕಾಚಾರ ತಿಳಿಯಿತು. ಕಛೇರಿಗೆ ಕೆನಡಾದ ಸಡ್‌ಬರಿಯಿಂದ ಅತಿಥಿ ಮೇಳ ಬರುವುದಿತ್ತು. ಆ ಕಡೆಯಿಂದಲೂ ಕರೇಲಿಯಕ್ಕೆ ಹೋದ ಫಿನ್ನರಿದ್ದಾರೆ, ಯಾರಾದರೂ ರಾಗ ಗುರುತಿಸಿ ನಿನ್ನ ಸುದ್ದಿ ಹೇಳಬಹುದು ಎಂಬ ಆಸೆ ಅವಳಿಗೆ. ಊರಿನವರಿಗೆ ಅದು ಐವತ್ತನೆಯ ಹಬ್ಬ, ಅಮ್ಮನಿಗೆ ನಿನ್ನನ್ನು ಹುಡುಕುವ ಹಬ್ಬ.

ಹೀಗೆ ನಿನ್ನ ಕಾಂತೆಲೆ ಗೋಡೆಯಿಂದ ಕೆಳಗಿಳಿಯಿತು. ಗರಗಸ ಕೊಡಲಿಗೇ ಪೆಟ್ಟಿಗೆ ತುಂಬಿತೆಂದು ನೀನು ಬಿಟ್ಟುಹೋದದ್ದು. ವಿಲ್ಯಾಮಿ ಹೊಸ ತಂತಿ ಕಟ್ಟಿಕೊಟ್ಟ, ಕಟ್ಟುವಾಗ ಅವನ ಕೈ ಬಹಳ ನಡುಗುತ್ತಿತ್ತು, ಚಳಿ ಎಂದ, ಒಲೆಯ ಪಕ್ಕದಲ್ಲೇ ಕುಳಿತಿದ್ದ. ಬಾರಿಸುವವಳು ನಾನೇ. ನನ್ನದು ಹಿಟ್ಟು ನಾದಿದ ಬೆರಳು, ನಿನ್ನಷ್ಟು ನಯವಿಲ್ಲ. ಕಷ್ಟ ಅದಲ್ಲ, ರಾಗ ಅರ್ಧಕ್ಕೇ ನಿಲ್ಲುತ್ತದಲ್ಲ, ಅದು. ಹೊರಡುವ ಹಿಂದಿನ ದಿನ ಅಮ್ಮ ಕೇಳಿದಾಗ "ಉಳಿದದ್ದು ಬಂದಮೇಲೆ ಕಟ್ತೀನಿ, ಎಲ್ಲ ಒಂದೇ ಸಲ ಕೊಟ್ರೆ ನನ್ನ ಮರ್ತುಬಿಡ್ತೀಯ" ಎಂದಿದ್ದೆ ನೀನು. ಅದನ್ನು ಬಾರಿಸಿದಾಗಲೆಲ್ಲ ಕತ್ತಲಲ್ಲಿ ಇಲ್ಲದ ಮೆಟ್ಟಿಲಿಗೆ ಕಾಲಿಟ್ಟ ಹಾಗಾಗುತ್ತದೆ.

ಬುಧವಾರ ಸಂಜೆ ಮನೆಮನೆಯ ಕಿಟಕಿಯಲ್ಲೂ ಎರಡೆರಡು ಮೋಂಬತ್ತಿ ಹಚ್ಚಿ ಎಲ್ಲರೂ ಶಾಲೆಗೆ ಬಂದರು. ಚರ್ಚಿನವರು ಎಡಕ್ಕೆ, ಹಾಲ್‌ನವರು ಬಲಕ್ಕೆ, ಯಾರೂ ಹೇಳದೆಯೇ. ನಾನು ಕಾಂತೆಲೆಯನ್ನು ತೊಡೆಯ ಮೇಲಿಟ್ಟುಕೊಂಡು ನಿನ್ನ ರಾಗ ಬಾರಿಸಿದೆ. ಅದು ನಿಲ್ಲುವಲ್ಲಿ ನಿಂತಿತು. ಮುಗಿಯಿತೋ ಇಲ್ಲವೋ ಎಂದು ತಿಳಿಯದೆ ಜನ ಚಪ್ಪಾಳೆಗೆ ಎತ್ತಿದ ಕೈಯನ್ನು ಹಾಗೇ ಹಿಡಿದು ಕುಳಿತರು. ಆಗ ಹಿಂದಿನ ಸಾಲಿನಿಂದ ಒಂದು ಗಂಡುದನಿ ಕೇಳಿತು. ಸಡ್‌ಬರಿಯ ಮೇಳದ ಬಸ್ಸು ಓಡಿಸಿಕೊಂಡು ಬಂದಿದ್ದ ಮುದುಕ, ಯಾಲ್ಮಾರಿ ಎಂದು ಹೆಸರು, ನಾನು ನಿಲ್ಲಿಸಿದಲ್ಲಿಂದ ಎತ್ತಿಕೊಂಡು ಬಾಯಿ ಮುಚ್ಚಿ ಗುನುಗತೊಡಗಿದ. ರಾಗ ಮೇಲೆ ಹತ್ತಿತು, ಅಲ್ಲೊಂದು ಕಡೆ ತಡೆಯಿತು, ಆಮೇಲೆ ನಿಧಾನವಾಗಿ ಇಳಿದು ಬಂದು ಶುರುವಾದ ಕಡೆಯೇ ಮುಗಿಯಿತು. ನೀನು ಕಟ್ಟಿದ್ದೇ ಅಣ್ಣಾ, ಬೇರೆ ಯಾರೂ ಹಾಗೆ ಇಳಿಸುವುದಿಲ್ಲ.

ಅಮ್ಮ ಎದ್ದು ನಿಂತಳು. "ಮುಗಿಸಿದ್ದಾನೆ! ನೋಡಿದ್ರಾ, ಮುಗಿಸಿದ್ದಾನೆ ನನ್ನ ಮಗ!" ಎಂದು ಕೂಗಿದಳು. ಅವಳು ಎದ್ದದ್ದು ನೋಡಿ ಸೆಲ್ಮಾ ಎದ್ದಳು, ವಿಲ್ಯಾಮಿ ಎದ್ದ, ಎಡಗಡೆ ಬಲಗಡೆ ಎಲ್ಲರೂ ಎದ್ದರು. ಕೀರ್ತನೆಗೂ ನಡಿಗೆ ಹಾಡಿಗೂ ಒಟ್ಟಿಗೆ ಏಳದ ಊರು ನಿನ್ನ ರಾಗಕ್ಕೆ ಎದ್ದಿತು. ಅಮ್ಮ ಯಾಲ್ಮಾರಿಯ ಎರಡು ಕೈಯನ್ನೂ ಹಿಡಿದುಕೊಂಡು ಬಿಡಲೇ ಇಲ್ಲ. "ದಪ್ಪ ಆಗಿದ್ದಾನಾ? ಸೊಂಟ ವಾಸಿ ಆಯ್ತಾ ಅವನಿಗೆ?" ಎಂದು ಒಂದೇ ಸಮನೆ ಕೇಳಿದಳು. ಅವನು ನನ್ನ ಮುಖ ನೋಡಿದ. "ಒಂದೇ ಬ್ಯಾರಕ್ಕಲ್ಲಿದ್ವಿ ಅಮ್ಮಾ. ಒಳ್ಳೇ ಮೀನು ಹಿಡಿಯೋನು. ಅಲ್ಲೇ ಒಂದು ಕಾಂತೆಲೆ ಕೆತ್ತಿಕೊಂಡಿದ್ದ. ನಿಮ್ಮ ಕೈ ಬನ್ನಿನ ವಿಷಯ ಹೇಳ್ತಾನೇ ಇರೋನು. ಯುದ್ಧದಲ್ಲಿ ನಾನು ಈ ಕಡೆ ಬಂದುಬಿಟ್ಟೆ" ಎಂದ. ಅಮ್ಮನಿಗೆ ಅಷ್ಟೇ ಸಾಕಾಯಿತು. ಹೊಟ್ಟೆ ತುಂಬಿ ನೆಮ್ಮದಿಯಿದ್ದವನು ಮಾತ್ರ ಹಾಡು ಮುಗಿಸುತ್ತಾನೆ ಎಂಬುದು ಅವಳ ವಾದ. ಮೂರು ದಿನದಿಂದ ಮನೆಗೆ ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದಾಳೆ. ನಿನ್ನೆ ಸೆಲ್ಮಾ ಬಂದು ಇನ್ನು ಮೇಲೆ ಚರ್ಚಿನಲ್ಲಿ ಮುಂದಿನ ಬೆಂಚಿಗೆ ಬನ್ನಿ ಎಂದು ಕೈಮುಗಿದಂತೆ ಕೇಳಿಕೊಂಡಳು. "ಮಗ ಬರ್ಲಿ, ಒಟ್ಟಿಗೇ ಬರ್ತೀವಿ" ಎಂದಳು ಅಮ್ಮ.

ಈಗ ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ. "ಹಾಡು ಮುಗಿಸಿದ್ದು ಸಂತೋಷ ಕಣೋ. ಇಷ್ಟುದ್ದ ಹಾಡು ಕಟ್ಟೋನಿಗೆ ನಾಲ್ಕು ಸಾಲು ಕಾಗದ ಬರೆಯೋಕೆ ಏನು ದಾಡಿ? ಉಣ್ಣೆ ಕಾಲುಚೀಲ ಹೆಣೆದಿಟ್ಟಿದ್ದೀನಿ. ಸೊಂಟಕ್ಕೆ ಬಿಸಿ ಶಾಖ ಕೊಟ್ಕೋ. ನಿನ್ನ ತಲೆ ಮೇಲೆ ನನ್ನ ಕೈ ಯಾವಾಗ್ಲೂ ಇದೆ." ಕಾಗದದ ಕೆಳಗೆ ಅವಳ ಬೆರಳನ್ನು ನಾನೇ ಒತ್ತಿಸಿದ್ದೇನೆ, ಕಾಫಿಯ ಗುರುತು ಅವಳದು. ವಿಲ್ಯಾಮಿಯೂ ಅವನ ಹೆಂಡತಿಯೂ ನಿನ್ನನ್ನು ಕೇಳಿದೆವೆಂದು ತಿಳಿಸಲು ಹೇಳಿದ್ದಾರೆ.

ನಿನ್ನ ಪ್ರೀತಿಯ ತಂಗಿ,
ಹಿಲ್ಯಾ

ತಾ.ಕ.: ಅಮ್ಮ ಈಗತಾನೆ ವಿಲ್ಯಾಮಿಯ ಹೆಂಡತಿಯ ಕೈ ಹಿಡಿದುಕೊಂಡು ಅಂಗಳದ ಸೌನಾಕ್ಕೆ ಮೈ ಕಾಯಿಸಲು ಹೋದಳು. ಬರುವಷ್ಟರಲ್ಲಿ ಬರೆದು ಮುಗಿಸಬೇಕು. ಮೇಲಿನದು ಅಮ್ಮನ ಕಾಗದ, ಇದು ನನ್ನದು. ಅಣ್ಣಾ, ನಿನ್ನ ವಿಷಯ ನನಗೆ ಗೊತ್ತಾಯಿತು. ಅಮ್ಮ ಬನ್ನು ಹಂಚುತ್ತಿದ್ದಾಗ ಯಾಲ್ಮಾರಿ ನನ್ನನ್ನು ಕೋಟು ನೇತುಹಾಕುವ ಕಡೆ ಕರೆದು ಎಲ್ಲ ಹೇಳಿದ. ಮೂವತ್ತೆಂಟರ ವಸಂತದಲ್ಲಿ ಅಲ್ಲಿನ ಸರ್ಕಾರದ ಪೊಲೀಸರು ಬ್ಯಾರಕ್ಕಿಗೆ ಬಂದಾಗ ನೀನು ತಟ್ಟೆ ತೊಳೆಯುತ್ತಿದ್ದೆಯಂತೆ. ಕೈ ಒರೆಸಿಕೊಂಡು, ಕಾಂತೆಲೆಯನ್ನು ಅವನ ಹಾಸಿಗೆಯ ಮೇಲಿಟ್ಟು, "ಕೊನೆಯ ಭಾಗ ಮರೀಬೇಡ್ವೋ" ಎಂದು ಹೋದೆಯಂತೆ. ಆ ವಾರವೇ, ಪರದೇಶದ ಗೂಢಚಾರರೆಂದು, ಕಾಡಿನಲ್ಲಿ ಗುಂಡು ಹೊಡೆದರಂತೆ, ನಿನ್ನ ಜೊತೆ ಇನ್ನೂ ಎಷ್ಟೋ ಜನಕ್ಕೆ. "ಆ ಚಳಿಗಾಲ ಸೌದೆ ಇರ್ಲಿಲ್ಲ ತಂಗೀ, ಆ ಕಾಂತೆಲೇನ ಒಲೆಗೆ ಹಾಕ್ಬಿಟ್ಟೆ. ರಾಗ ಮಾತ್ರ ಬಿಡ್ಲಿಲ್ಲ" ಎಂದು ಆ ಮುದುಕ ಗೋಡೆಗೆ ಮುಖ ಮಾಡಿ ಅತ್ತ. ಅವನನ್ನು ಸಮಾಧಾನ ಮಾಡುವುದರಲ್ಲಿ ನನಗೆ ಅಳಲು ಆಗಲಿಲ್ಲ. ಆಮೇಲೂ ಆಗಿಲ್ಲ, ಅಮ್ಮ ಪಕ್ಕದಲ್ಲೇ ಇರುತ್ತಾಳೆ, ಕಣ್ಣಿಲ್ಲದವಳಿಗೆ ಉಸಿರು ಬದಲಾದರೂ ತಿಳಿಯುತ್ತದೆ. ಅವಳಿಗೆ ನಾನು ಹೇಳುವುದಿಲ್ಲ. ವಿಲ್ಯಾಮಿಗೂ ಹೇಳುವುದಿಲ್ಲ, ಅವನ ಕೈ ಈಗಲೇ ಸಾಕಷ್ಟು ನಡುಗುತ್ತಿದೆ. ಈ ಕಾಗದವನ್ನು ಅಂಚೆಗೂ ಹಾಕುವುದಿಲ್ಲ. ಅಮ್ಮ ಬಂದ ಮೇಲೆ ಸೌನಾಕ್ಕೆ ನನ್ನ ಸರದಿ. ನಮ್ಮವರ ರೂಢಿಯಂತೆ ನೀನು ಹುಟ್ಟಿದ್ದೂ ಆ ಕೋಣೆಯಲ್ಲೇ, ಕಾಗದವನ್ನು ಅಲ್ಲಿಯ ಒಲೆಗೇ ಕೊಡುತ್ತೇನೆ. ಅಲ್ಲಿ ಆವಿಯಲ್ಲಿ ಎಲ್ಲರ ಮುಖವೂ ಒದ್ದೆ, ಅಳುವುದಕ್ಕೆ ಅನುಕೂಲ. ಬಾಗಿಲ ಸದ್ದಾಯಿತು, ಬರುತ್ತಿದ್ದಾರೆ. ಒಂದೇ ಮಾತು ಅಣ್ಣಾ. ಅಮ್ಮನಿಗೆ ಇನ್ನು ಹೆಚ್ಚು ದಿನವಿಲ್ಲ. ಅವಳು ಅಲ್ಲಿಗೆ ಬಂದಾಗ ಬಾಗಿಲು ನೀನೇ ತೆಗಿ. ಕಣ್ಣು ಕಾಣದು, ಕೈ ಹಿಡಿದುಕೋ. ಮೊದಲು ನಿನ್ನ ಸೊಂಟದ ವಿಷಯವೇ ಕೇಳುತ್ತಾಳೆ. ವಾಸಿಯಾಗಿದೆ ಎಂದು ಹೇಳು.