ಎಪ್ಪತ್ತೆರಡು ಎಂದು ಬರೆಯಲೊಲ್ಲದ ಸೊಸೆಯ ಪರವಾಗಿ

ನರ್ಸಿಂಗ್ ಕಾಲೇಜಿನ ಮಾನ್ಯ ಪ್ರಾಂಶುಪಾಲರೇ,

ನನ್ನ ನಾಡಿ ನಿಮಿಷಕ್ಕೆ ಐವತ್ತೆಂಟು ಸಲ ಬಡಿಯುತ್ತದೆ. ಅದನ್ನು ಹಾಗೆಯೇ ತನ್ನ ರೆಕಾರ್ಡ್ ಪುಸ್ತಕದಲ್ಲಿ ಬರೆದ ತಪ್ಪಿಗೆ ತಮ್ಮ ವಿಭಾಗದವರು ನನ್ನ ಸೊಸೆಯ ಪುಟಕ್ಕೆ ಕೆಂಪು ಗೀಟು ಎಳೆದು, ‘ಆರೋಗ್ಯವಂತ ವಯಸ್ಕ: ೭೨. ತಿದ್ದಿ ಬರೆಯಿರಿ’ ಎಂದು ಷರಾ ಹಾಕಿ ವಾಪಸು ಕೊಟ್ಟಿದ್ದಾರೆ. ಶನಿವಾರದೊಳಗೆ ತಿದ್ದದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲವಂತೆ. ನನ್ನ ಹೃದಯವನ್ನು ತಿದ್ದುವ ಅಧಿಕಾರ ತಮ್ಮ ಕಾಲೇಜಿಗೆ ಯಾವಾಗ ಬಂತು? ಸಿಟ್ಟಿನಿಂದ ಕೇಳುತ್ತಿಲ್ಲ. ಹೆಂಡತಿ ಹೋದ ಮೇಲೆ ಸಿಟ್ಟು ಬರಬೇಕಾದ ಜಾಗದಲ್ಲಿ ನನಗೆ ಏನೂ ಬರುವುದಿಲ್ಲ.

ಸೊಸೆ ಮೂವತ್ತು ದಾಟಿದ ಮೇಲೆ ಓದಲು ಹೊರಟವಳು. ಔಷಧಶಾಸ್ತ್ರ ಮತ್ತು ದೇಹ ಪರೀಕ್ಷೆ, ಇವೆರಡೇ ಕಷ್ಟದ ವಿಷಯವೆಂದು ತರಗತಿ ಶುರುವಾಗುವ ಮೊದಲೇ ತಯಾರಿಗೆ ಕೂತಳು. ಮನೆಯಲ್ಲಿ ಕೆಲಸವಿಲ್ಲದೆ ಬಿದ್ದಿದ್ದ ದೇಹ ನನ್ನದೊಂದೇ. ‘ಮಾವ, ಅಂಗಿ ಬಿಚ್ತೀರಾ?’ ಎಂದು ಕೇಳಿದ ಮೊದಲ ದಿನ ಅವಳೂ ಗೋಡೆ ನೋಡಿದಳು, ನಾನೂ ಗೋಡೆ ನೋಡಿದೆ. ಬರಬರುತ್ತಾ ಅಭ್ಯಾಸವಾಯಿತು. ಎದೆಯ ಮೇಲೆ ಒಂದು ಬೆರಳಿಟ್ಟು ಇನ್ನೊಂದರಿಂದ ಬಡಿಯುತ್ತಾಳೆ, ಕಿವಿಗೊಡುತ್ತಾಳೆ.

‘ಬಾಗಿಲು ಬಡಿದ ಹಾಗೆ ಬಡೀತೀಯಲ್ಲಮ್ಮ, ಒಳಗೆ ಯಾರಿದ್ದಾರೆ ಅಂತ?’

‘ಇದ್ದಾರೆ ಮಾವ, ಬಾಗಿಲು ತೆಗೀತಿಲ್ಲ ಅಷ್ಟೆ. ಉಸಿರು ಬಿಗಿ ಹಿಡೀಬೇಡಿ.’

ಔಷಧದ ಹೆಸರುಗಳನ್ನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ಚೀಟಿ ಮಾಡಿದ್ದಳು. ನಾನು ಓದಬೇಕು, ಅವಳು ಗುಣ ಹೇಳಬೇಕು. ಕಾಲೇಜಿನಲ್ಲಿ ಎರಡು ವರ್ಷ ಕಲಿತ ಇಂಗ್ಲಿಷಿನಲ್ಲಿ ನನಗೀಗ ಉಳಿದಿರುವುದು ‘ಐ ಬೆಗ್ ಟು ಸ್ಟೇಟ್’ ಎಂಬ ರಜಾ ಅರ್ಜಿಯ ಸಾಲೊಂದೇ. ಆ ಬಂಡವಾಳದಲ್ಲೇ ಓದಿದೆ. ಹೆಸರಿನ ಕೊನೆಗೆ ‘ಒಲಾಲ್’ ಎಂದಿದ್ದರೆ ಆ ಮಾತ್ರೆ ನಾಡಿಯನ್ನು ನಿಧಾನ ಮಾಡುತ್ತದಂತೆ, ಕೊಡುವ ಮೊದಲು ಎಣಿಸಿ ನೋಡಬೇಕಂತೆ. ರಕ್ತದೊತ್ತಡಕ್ಕೆಂದು ಆರು ವರ್ಷದಿಂದ ನಾನು ನುಂಗುತ್ತಿರುವುದು ಅಂಥದ್ದೇ ಒಂದನ್ನು. ಅವಳು ನನ್ನ ಮಣಿಕಟ್ಟು ಹಿಡಿದು, ಗೋಡೆ ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸಿದಳು. ಮೂರು ದಿನ ಎಣಿಸಿದರೂ ಐವತ್ತೆಂಟೇ. ಡಾಕ್ಟರ ಹತ್ತಿರವೂ ಕರೆದೊಯ್ದಳು. ಲೆಕ್ಕ ಸರಿ, ಅದು ಮಾತ್ರೆಯ ಪ್ರಭಾವ, ಹೆದರಬೇಕಿಲ್ಲ ಎಂದರು. ತಮ್ಮ ಎರಡು ಪಠ್ಯಗಳೂ ಒಂದೇ ಮಣಿಕಟ್ಟಿನಲ್ಲಿ ಸಿಕ್ಕಿದ್ದಕ್ಕೆ ಬಹುಮಾನವೇ ಕೆಂಪು ಗೀಟು?

ಹಿಂದಿನ ವರ್ಷದವರ ರೆಕಾರ್ಡ್ ನೋಡಿ ಇಳಿಸಿಕೊಳ್ಳುವುದು ತಮ್ಮಲ್ಲಿ ವಾಡಿಕೆಯಂತೆ. ಇಪ್ಪತ್ತು ಪುಟ, ಇಪ್ಪತ್ತು ದೇಹ, ಎಲ್ಲಕ್ಕೂ ಎಪ್ಪತ್ತೆರಡು. ಇಷ್ಟು ಒಗ್ಗಟ್ಟಿನ ಜನ ಯಾವ ಊರಿನಲ್ಲಿದ್ದಾರೆ, ಮಾನ್ಯರೇ? ಸೊಸೆ ವಿಚಾರಿಸಲು ಹೋದಾಗ ತಮ್ಮ ಅಧ್ಯಾಪಕಿ, ‘ನಿಮ್ಮ ಮಾವನ ನಾಡಿ ಯಾರಿಗೆ ಬೇಕಮ್ಮ? ಪುಸ್ತಕ ನೀಟಾಗಿದ್ರೆ ಸಾಕು’ ಎಂದರಂತೆ.

ನಾನೂ ಸಾಚಾ ಅಲ್ಲ. ‘ಬರೆದು ಬಿಸಾಕಮ್ಮ. ಹದಿನಾಲ್ಕು ಬಡಿತ ಜಾಸ್ತಿ ಬರೆದ್ರೆ ನನ್ನ ಆಯುಸ್ಸೇನು ಕಮ್ಮಿ ಆಗುತ್ತಾ?’ ಎಂದೆ. ತಟ್ಟೆ ತೊಳೆಯುತ್ತಿದ್ದವಳು ತಿರುಗಲಿಲ್ಲ.

‘ಅತ್ತೆಗೂ ಎಪ್ಪತ್ತೆರಡು ಅಂತಲೇ ಬರೆದಿದ್ರು, ಮಾವ.’

ಬರೆದಿದ್ದರು. ಆಸ್ಪತ್ರೆಯಲ್ಲಿ ನನ್ನ ಹೆಂಡತಿಯ ಮಂಚದ ಕಾಲಿನ ಕಡೆ ತೂಗುಹಾಕಿದ್ದ ಕಾಗದದಲ್ಲಿ. ನಾಲ್ಕು ಗಂಟೆಗೊಮ್ಮೆ ಎಣಿಸಿ ಬರೆಯಬೇಕಾದದ್ದು. ಬೆಳಿಗ್ಗೆ ಆರು, ಹತ್ತು, ಮಧ್ಯಾಹ್ನ ಎರಡು, ಸಂಜೆ ಆರು. ನಾಲ್ಕಕ್ಕೂ ಎಪ್ಪತ್ತೆರಡು, ಒಂದೇ ಪೆನ್ನಿನಲ್ಲಿ. ನನ್ನವಳು ಹೋದದ್ದು ಅದೇ ಸಂಜೆ ನಾಲ್ಕೂವರೆಗೆ. ಕಾಗದದ ಪ್ರಕಾರ ಅದಾಗಿ ಒಂದೂವರೆ ಗಂಟೆಯ ಮೇಲೂ ಅವಳ ನಾಡಿ ಸರಿಯಾಗಿಯೇ ಇತ್ತು. ಅದನ್ನು ಕಂಡವಳು ಸೊಸೆ. ಅತ್ತೆಯ ಬಟ್ಟೆಗಳನ್ನು ಚೀಲಕ್ಕೆ ತುಂಬುತ್ತಿದ್ದವಳು ಕಾಗದ ಓದಿದಳು, ಮಡಿಸಿಟ್ಟುಕೊಂಡಳು. ಮರುವರ್ಷ ತಮ್ಮ ಕಾಲೇಜಿನ ಅರ್ಜಿ ತಂದಳು. ನಾನು ಕಾರಣ ಕೇಳಲಿಲ್ಲ. ಏಕೆಂದರೆ ಆ ಮಧ್ಯಾಹ್ನ ಅದೇ ಕಾಗದದ ಎಪ್ಪತ್ತೆರಡನ್ನು ಓದಿ, ಎಲ್ಲ ಸರಿಯಿದೆ ಎಂದುಕೊಂಡು, ಕೆಳಗಿಳಿದು ನಿಧಾನವಾಗಿ ಟೀ ಕುಡಿದು ಬಂದವನು ನಾನು. ಕಾಗದದಲ್ಲಿ ಸಂಜೆ ಆರರ ಚೌಕವೂ ಆಗಲೇ ತುಂಬಿತ್ತು. ನನ್ನ ಕಣ್ಣಿಗೆ ಬೀಳಲಿಲ್ಲ.

ಆದ್ದರಿಂದ ಆ ಪುಟಕ್ಕೆ ಇದ್ದ ಹಾಗೆಯೇ ರುಜು ಹಾಕಿ, ಅವಳನ್ನು ಪರೀಕ್ಷೆಗೆ ಕೂರಿಸಿ. ಅನುಮಾನವಿದ್ದರೆ ಶನಿವಾರ ಹತ್ತು ಗಂಟೆಯಿಂದ ತಮ್ಮ ಕೋಣೆಯ ಹೊರಗಿನ ಬೆಂಚಿನ ಮೇಲೆ ಅಂಗಿಯ ತೋಳು ಮಡಿಸಿಕೊಂಡು ಕೂತಿರುತ್ತೇನೆ. ಸೆಕೆಂಡಿನ ಮುಳ್ಳಿರುವ ಗಡಿಯಾರ ತನ್ನಿ. ಕಾಲು ನಿಮಿಷ ಹಿಡಿದು ನಾಲ್ಕರಿಂದ ಗುಣಿಸಬೇಡಿ. ಪೂರ್ತಿ ಒಂದು ನಿಮಿಷ ಹಿಡಿಯಿರಿ. ನನ್ನವಳಿಗೆ ಯಾರೂ ಕೊಡದ ನಿಮಿಷ ಅದು. ಎಪ್ಪತ್ತೆರಡು ಬಂದರೆ ನಾನೇ ನನ್ನ ಕೈಯಾರೆ ತಿದ್ದಿ ಬರೆದುಕೊಡುತ್ತೇನೆ.

ಇಂತಿ,
ಐ ಬೆಗ್ ಟು ಸ್ಟೇಟ್, ಐವತ್ತೆಂಟೇ ಇರುವ
ಒಬ್ಬ ಮಾವ