ಅಟ್ಟೆಯ ಮೇಲಿನ ಇರುವೆ

ಮ್ಯೂಸಿಯಂನ ಹಿಂದಿನ ಕೋಣೆ,
ಮಾರ್ಚ್ ೧೧, ಮಂಗಳವಾರ, ಊಟದ ಬಿಡುವು

ಪ್ರೀತಿಯ ಅಮ್ಮನಿಗೆ,

ಮೊಣಕಾಲು ಹೇಗಿದೆ? ಮೆಟ್ಟಿಲು ಹತ್ತಬೇಡಿ ಅಂತ ಡಾಕ್ಟರು ಹೇಳಿದ ಮರುದಿನವೇ ನೀನು ಬಟ್ಟೆ ಒಣಗಿಸಲು ತಾರಸಿಗೆ ಹೋಗಿದ್ದೆಯಂತೆ, ಅಕ್ಕ ಹೇಳಿದಳು. ಬೈದರೆ, "ಇಳಿಯೋವಾಗ ತಾನೇ ನೋವು, ಹತ್ತೋವಾಗ ಏನಿಲ್ಲ" ಅಂದೆಯಂತೆ. ಹತ್ತಿದವರು ಇಳಿಯಲೇಬೇಕಲ್ಲಮ್ಮಾ. ಕಣ್ಣಿಗೆ ಹನಿ ಎರಡು ಹೊತ್ತೂ ಹಾಕಿಕೊಳ್ಳುತ್ತಿದ್ದೀಯಾ? ಭಾವನ ಕೆಮ್ಮು ಕಡಿಮೆಯಾಯಿತೇ? ನಾನು ಚೆನ್ನಾಗಿದ್ದೇನೆ. ಹೊತ್ತಿಗೆ ಸರಿಯಾಗಿ ತಿನ್ನುತ್ತಿದ್ದೇನೆ ಅಂತ ಬರೆದರೆ ನೀನು ನಂಬುವುದಿಲ್ಲ, ಅದಕ್ಕೇ ಬರೆಯುವುದಿಲ್ಲ.

ಫೋನು ಇರುವಾಗ ಇವಳಿಗೆ ಕಾಗದದ ಹುಚ್ಚು ಯಾಕೆ ಹಿಡಿಯಿತು ಅಂದುಕೊಳ್ಳುತ್ತೀಯೇನೋ. ಫೋನಿನಲ್ಲಿ ಶೂ ಅನ್ನುವ ಮಾತು ಬಂದರೆ ಸಾಕು, ನಿನಗೆ ಒಲೆಯ ಮೇಲಿನ ಹಾಲು ನೆನಪಾಗುತ್ತದೆ. "ತಡಿ, ಹಾಲು ಉಕ್ಕತ್ತೆ, ಅಕ್ಕನಿಗೆ ಕೊಡ್ತೀನಿ" ಅಂತ ಫೋನು ದಾಟಿಸಿಬಿಡುತ್ತೀ. ಈ ಹನ್ನೊಂದು ವರ್ಷದಲ್ಲಿ ಅಕ್ಕನ ಮನೆಯಲ್ಲಿ ಎಷ್ಟು ಹಾಲು ಉಕ್ಕಿರಬೇಕೋ! ಕಾಗದವನ್ನು ಹಾಗೆ ದಾಟಿಸಲು ಆಗುವುದಿಲ್ಲ. ಇಂಗ್ಲಿಷ್ ಶಾಲೆಯಲ್ಲಿ ಓದಿದವಳ ಕೈ, ಅಕ್ಷರ ಸೊಟ್ಟಗಿದ್ದರೆ ಹೊಟ್ಟೆಗೆ ಹಾಕಿಕೋ. ದಯವಿಟ್ಟು ಕೊನೆಯವರೆಗೆ ಓದು.

ನಮ್ಮಲ್ಲಿ ಹೊಸ ಗ್ಯಾಲರಿಯೊಂದು ಸಿದ್ಧವಾಗುತ್ತಿದೆ, ದೇಶಕ್ಕೆ ಹೆಸರು ತಂದವರದು. ಒಬ್ಬ ಚಿತ್ರಕಾರ, ಒಬ್ಬ ಓಟಗಾರ, ಕಳೆದ ವರ್ಷ ಬಿರುಗಾಳಿಗೆ ಉರುಳಿದ ಆ ಸಾವಿರ ವರ್ಷದ ಮರದ ಒಂದು ಅಡ್ಡಸೀಳು, ಮತ್ತು ಒಬ್ಬ ಬ್ಯಾಲೆ ನರ್ತಕಿ. ಪ್ರತಿ ವಸ್ತುವಿನ ಪಕ್ಕದಲ್ಲಿ ಇಡುವ ವಿವರದ ಫಲಕ ಬರೆಯುವುದು ನನ್ನ ಕೆಲಸ, ಒಂದೊಂದಕ್ಕೂ ಅರವತ್ತು ಪದ. ಎಲ್ಲಕ್ಕಿಂತ ಸುಲಭವಾಗಿದ್ದು ಮರದ್ದು. ಅದು ತಕರಾರು ತೆಗೆಯುವುದಿಲ್ಲ. ಓಟಗಾರರು ಮಾತ್ರ ವಾರಕ್ಕೊಮ್ಮೆ ಬಂದು ತಮ್ಮ ಫೋಟೋ ನೆಟ್ಟಗಿದೆಯಾ ಅಂತ ನೋಡಿ, ನೆಟ್ಟಗಿದ್ದದ್ದನ್ನು ಸ್ವಲ್ಪ ವಾಲಿಸಿ ಹೋಗುತ್ತಾರೆ.

ನರ್ತಕಿ ಯಾರು ಅಂತ ನಿನಗೆ ಆಗಲೇ ಗೊತ್ತಾಗಿರುತ್ತದೆ. ನಿನ್ನ ಐದೂವರೆ. ಊರಿಗೆಲ್ಲ ಅವರ ಹೆಸರು ಗೊತ್ತಿದ್ದರೂ ನೀನು ಅವರನ್ನು ಕರೆಯುತ್ತಿದ್ದದ್ದು ಶೂ ಅಳತೆಯಿಂದಲೇ. ನಾನು ಕಾಲೇಜಿನಿಂದ ಬಂದು ನಿನ್ನ ಬ್ಯಾಲೆ ಶೂ ಕಾರ್ಖಾನೆಯ ಬಾಗಿಲಲ್ಲಿ ಕಾಯುತ್ತಿದ್ದಾಗ, "ಇವತ್ತು ಐದೂವರೆದು ಆರು ಜೊತೆ, ಹಿಮ್ಮಡಿ ಒಂದು ಕಾಳಷ್ಟು ತಗ್ಗಿಸಬೇಕಂತೆ" ಅನ್ನುತ್ತಿದ್ದೆ. ಹದಿನಾಲ್ಕು ವರ್ಷ ಅವರ ಪಾದ ನಿನಗೆ ಗೊತ್ತಿತ್ತು, ಮುಖ ಮಾತ್ರ ಪೋಸ್ಟರಿನಲ್ಲಿ ನೋಡಿದ್ದು. ಅವರಿಗಾದರೂ ನೀನು ಗೊತ್ತಿದ್ದದ್ದು ಶೂವಿನ ತಳದ ಅಟ್ಟೆಯ ಮೇಲೆ ನೀನು ಒತ್ತುತ್ತಿದ್ದ ಪುಟ್ಟ ಇರುವೆಯ ಗುರುತಾಗಿ. ಗುಲಾಬಿ ಚೀಟಿಯ ಮೇಲೆ "ಇರುವೆಗೆ" ಅಂತ ಬರೆದೇ ಅವರ ಆರ್ಡರ್ ಬರುತ್ತಿತ್ತು.

ತಿಂಗಳ ಹಿಂದೆ ಅವರು ಮ್ಯೂಸಿಯಂಗೆ ಒಂದು ಪೆಟ್ಟಿಗೆ ಕಳುಹಿಸಿದರು. ಮೂರು ಉಡುಪು, ಒಂದಿಷ್ಟು ಕಾರ್ಯಕ್ರಮ ಪಟ್ಟಿ, ತಳದಲ್ಲಿ ಒಂದು ಜೊತೆ ಶೂ. ಹನ್ನೊಂದು ವರ್ಷದ ಹಿಂದಿನ ಆ ಸಂಜೆಯ ಶೂ, ಅಮ್ಮಾ. ಅವರು ವೇದಿಕೆಯ ಮಧ್ಯದಲ್ಲಿ ಬಿದ್ದರಲ್ಲ, ಮರುದಿನ ಪತ್ರಿಕೆಗಳೆಲ್ಲ "ಶೂ ಕೈಕೊಟ್ಟಿತು" ಅಂತ ಬರೆದವಲ್ಲ, ಆ ಜೊತೆ. ವಾರ ಕಳೆಯುವುದರೊಳಗೆ ನೀನು ಏಪ್ರನ್ನನ್ನು ಮೊಳೆಗೆ ತೂಗುಹಾಕಿ, ಇಪ್ಪತ್ತಾರು ವರ್ಷ ಹಿಡಿದ ಸುತ್ತಿಗೆಯನ್ನು ಮೇಸ್ತ್ರಿಯ ಕೈಗೆ ಕೊಟ್ಟು ಬಂದದ್ದು, ಅಕ್ಕನ ಊರಿಗೆ ಹೊರಟದ್ದು, ಮತ್ತೆ ಈ ಕಡೆ ಕಾಲಿಡದೇ ಇದ್ದದ್ದು, ಎಲ್ಲ ಆ ಜೊತೆಯಿಂದಲೇ.

ಈಗ ನಾನು ಒಪ್ಪಿಕೊಳ್ಳಬೇಕಾದದ್ದು. ಪೆಟ್ಟಿಗೆ ಬಂದ ದಿನ ನಾನು ಫಲಕಕ್ಕೆ ಬರೆದ ಮೊದಲ ಕರಡಿನಲ್ಲಿ "ಶೂ ಕೈಕೊಟ್ಟ ಆ ಸಂಜೆ" ಅಂತಲೇ ಇತ್ತು. ನನ್ನ ಕೈಯಿಂದಲೇ. ಆ ವಾರ ನಿನಗೆ ಜ್ವರವಿತ್ತು, ಆರ್ಡರ್ ಅವಸರದ್ದಿತ್ತು, ಅಂಟು ಆರಲು ರಾತ್ರಿಯಿಡೀ ಒಣಗಬೇಕಾದ ಶೂಗಳನ್ನು ನೀನು ಎರಡು ಗಂಟೆ ಮೊದಲೇ ಬಿಸಿ ಗೂಡಿನಿಂದ ತೆಗೆದೆ, ಇದನ್ನು ಅಕ್ಕ ಮೂರು ವರ್ಷದ ಹಿಂದೆ ನನಗೆ ಹೇಳಿದ್ದಳು. (ಅವಳ ಮೇಲೆ ಸಿಟ್ಟಾಗಬೇಡ, ಅಳುತ್ತಾ ಹೇಳಿದಳು.) ಅಂದಿನಿಂದ ನಾನು ನಿನ್ನನ್ನು ಮನಸ್ಸಿನಲ್ಲಿ ಕ್ಷಮಿಸಿಬಿಟ್ಟಿದ್ದೆ, ದೊಡ್ಡ ಮನುಷ್ಯಳ ಹಾಗೆ. ತಪ್ಪು ನಿಜವಾಗಿ ನಿನ್ನದೇನಾ ಅಂತ ಒಂದು ಸಲವಾದರೂ ಕೇಳಿಕೊಳ್ಳಬಹುದಿತ್ತು. ಹಳೆಯ ವಸ್ತುಗಳನ್ನು ಪರೀಕ್ಷಿಸದೆ ಏನನ್ನೂ ನಂಬಬಾರದು ಅನ್ನುವ ಕಡೆ ಹದಿನೆಂಟು ವರ್ಷದಿಂದ ಸಂಬಳ ತೆಗೆದುಕೊಳ್ಳುತ್ತಿರುವವಳು ನಾನು.

ಪ್ರದರ್ಶನಕ್ಕೆ ಇಡುವ ಮೊದಲು ಪ್ರತಿ ವಸ್ತುವನ್ನೂ ನೋಡಿ ಸರಿಪಡಿಸುವ ಒಬ್ಬರು ನಮ್ಮಲ್ಲಿದ್ದಾರೆ. ಹಣೆಯ ಮೇಲೆ ಸದಾ ಒಂದು ಭೂತಗನ್ನಡಿ ಏರಿಸಿಕೊಂಡಿರುವುದರಿಂದ ಎಲ್ಲರೂ ಅವರನ್ನು ಭೂತಗನ್ನಡಿ ಸಾರ್ ಅನ್ನುತ್ತೇವೆ. ಅವರು ಶೂಗಳನ್ನು ಎರಡು ದಿನ ಇಟ್ಟುಕೊಂಡರು. ಚಿತ್ರಪಟಗಳಿಗೆ ಬಳಸುವ ಎಕ್ಸ್‌ರೇಯಲ್ಲೂ ಹಾಕಿ ನೋಡಿದರು. ಮೂರನೆಯ ದಿನ ನನ್ನನ್ನು ಕರೆದು, "ಏನು ಬರೆದಿದ್ದೀರಿ ಮೇಡಂ ನೀವು? ಕೈಕೊಟ್ಟಿದ್ದು ಎಲ್ಲಿ, ತೋರಿಸಿ!" ಅಂದರು. ಒಳ ಅಟ್ಟೆಯಲ್ಲಿ ಒಂದು ಬಿರುಕೂ ಇರಲಿಲ್ಲ. ನೀನು ಹೊಡೆದ ಮೂರು ಸಣ್ಣ ಮೊಳೆಗಳು ಎಕ್ಸ್‌ರೇಯಲ್ಲಿ ಬೆಳ್ಳಗೆ, ಸಾಲು ತಪ್ಪದೆ ನಿಂತಿದ್ದವು. ಬೆರಳು ಕೂರುವ ಮುಂಭಾಗದಲ್ಲಿ ನೀನು ಪದರ ಪದರವಾಗಿ ಅಂಟಿಸಿದ ಗೋಣಿಬಟ್ಟೆ ಇವತ್ತಿಗೂ ಕಲ್ಲಿನ ಹಾಗಿದೆ. ಅಂಟು ಒಣಗದೆ ಉಳಿದಿದ್ದರೆ ಒಳಗೆ ಗುಳ್ಳೆ ಏಳಬೇಕಿತ್ತಂತೆ, ಒಂದೂ ಇಲ್ಲ. ನಿನ್ನ ಎರಡು ಗಂಟೆಯಿಂದ ಏನೂ ಆಗಿರಲಿಲ್ಲ ಅಮ್ಮಾ. ಆದರೆ ಬಲಗಾಲಿನಲ್ಲಿ ಧರಿಸಿದ್ದ ಶೂವಿನೊಳಗೆ, ಹಿಮ್ಮಡಿಯ ಸುತ್ತ, ಕಾಲು ಉಳುಕಿದಾಗ ಬಿಗಿಯುವ ಅಂಟುಪಟ್ಟಿಯ ಗೋಂದು ದಪ್ಪಗೆ ಅಂಟಿಕೊಂಡಿತ್ತು. "ಶೂ ಬಿದ್ದಿಲ್ಲ ಮೇಡಂ. ಒಳಗಿದ್ದ ಕಾಲು ಬಿದ್ದಿದೆ. ಬೀಳೋಕೆ ಮುಂಚೇನೇ ಅದು ಕೆಟ್ಟಿತ್ತು" ಅಂದರು. ಆಮೇಲೆ ಅಟ್ಟೆಯನ್ನು ಬೆರಳಿನಿಂದ ಸವರಿ, "ಯಾರು ಮಾಡಿದ್ದೋ, ಆ ಕೈಗೊಂದು ನಮಸ್ಕಾರ" ಅಂದರು.

ಆ ಗಳಿಗೆಯಲ್ಲಿ ನನಗೆ ನೆನಪಾದದ್ದು ಹೈಸ್ಕೂಲಿನ ಫಾರಂ. ತಾಯಿಯ ಉದ್ಯೋಗ ಅನ್ನುವ ಕಡೆ ನಾನು ಇಂಗ್ಲಿಷಿನಲ್ಲಿ ಹೌಸ್‌ವೈಫ್ ಅಂತ ಬರೆದು, ನಿನಗೆ ಸಹಿಯ ಜಾಗ ತೋರಿಸಿದ್ದೆ. ಉಗುರಿನ ಸಂದಿಯಲ್ಲಿ ಅಂಟು ಇನ್ನೂ ಒಣಗಿರಲಿಲ್ಲ ನಿನಗೆ. "ನನ್ನ ಕೆಲಸ ಏನಂತ ಬರ್ದೆ?" ಅಂತ ನೀನು ಕೇಳಿದೆ. "ಶೂ ಮೇಕರ್" ಅಂತ ನಾನು ಸುಳ್ಳು ಹೇಳಿದೆ. "ತುದಿಗಾಲಿನ ಶೂ ಅಂತ ಬರಿಬೇಕಿತ್ತು ಕಣೆ, ಅದು ಬೇರೇನೇ ಕಸುಬು" ಅಂತ ನೀನು ಹೆಮ್ಮೆಯಿಂದ ಸಹಿ ಹಾಕಿದೆ. ಅದನ್ನು ಇವತ್ತಿನವರೆಗೂ ನಿನಗೆ ಹೇಳಿರಲಿಲ್ಲ. ಭೂತಗನ್ನಡಿ ಸಾರ್ ಶೂವನ್ನು ತಿರುಗಿಸಿ ಮೇಜಿನ ಮೇಲಿಟ್ಟರು, ಕನ್ನಡಿ ಒರೆಸಿ ಮತ್ತೆ ಹಣೆಗೇರಿಸಿಕೊಂಡರು. "ನಮ್ಮಮ್ಮ ಮಾಡಿದ್ದು ಸಾರ್" ಅಂದೆ. ಅವರು ಕನ್ನಡಿಯನ್ನು ಹಣೆಯಿಂದ ಇಳಿಸಿ ನನ್ನ ಮುಖವನ್ನೇ ಪರೀಕ್ಷಿಸಿದರು. "ಇಷ್ಟು ದಿನ ಬಾಯಲ್ಲಿ ಏನಿಟ್ಕೊಂಡಿದ್ರಿ?" ಅಂದರು.

ಮೊನ್ನೆ ಶುಕ್ರವಾರ ನಿನ್ನ ಐದೂವರೆಯವರೇ ಬಂದರು, ತಮ್ಮ ಗಾಜಿನ ಕಪಾಟು ನೋಡಲು. ಕೈಯಲ್ಲಿ ಕೋಲು, ಬೆನ್ನು ಮಾತ್ರ ಈಗಲೂ ಗೆರೆ ಎಳೆದ ಹಾಗೆ. ಕೇಳಬೇಕೋ ಬೇಡವೋ ಅಂತ ಹಿಂದಿನ ದಿನವೆಲ್ಲ ತೂಗಿ ನೋಡಿದ್ದೆ. ಅತಿಥಿಯನ್ನು ಕರೆಸಿ ಗುಟ್ಟು ಕೆದಕುವುದು ಮ್ಯೂಸಿಯಂನ ಮರ್ಯಾದೆಯೇ? ಅಥವಾ ಇದೂ ಫಾರಂ ತುಂಬಿದವಳ ಹೇಡಿತನವೇ? ಕೊನೆಗೆ ಎಕ್ಸ್‌ರೇ ಹಾಳೆಯನ್ನು ಅವರ ಮುಂದಿಟ್ಟು, ಇರುವೆ ನನ್ನ ತಾಯಿ ಅಂದೆ. ಅವರು ಕುರ್ಚಿಗೆ ಕೂತರು. ಆ ಮೂರು ಮೊಳೆಗಳ ಮೇಲೆ ಬೆರಳಿಟ್ಟುಕೊಂಡೇ ಹೇಳತೊಡಗಿದರು.

ಆ ಸಂಜೆಗೆ ಒಂದು ವಾರ ಮುಂಚೆಯೇ ಅವರ ಕಾಲು ಉಳುಕಿತ್ತಂತೆ. ಹೇಳಿದರೆ ಆ ಪಾತ್ರ ಬೇರೆಯವರಿಗೆ ಹೋಗುತ್ತದೆ ಅಂತ ಬಚ್ಚಿಟ್ಟರಂತೆ. "ಶೂ ಮುರೀತು ಅಂತ ನಾನು ಹೇಳ್ಲಿಲ್ಲ. ಯಾರೋ ಬರೆದ್ರು. ನಾನು ಅಲ್ಲ ಅನ್ಲಿಲ್ಲ. ಶೂಗೇನು, ಅದಕ್ಕೆ ನೋವಾಗತ್ತಾ ಅಂದ್ಕೊಂಡೆ" ಅಂದರು. ಮುಂದಿನ ಪೊಟ್ಟಣದಲ್ಲಿ ಬಂದ ಶೂಗಳ ಮೇಲೆ ಇರುವೆಯ ಬದಲು ಇನ್ಯಾರದೋ ಕೀಲಿಕೈ ಗುರುತು ಇತ್ತಂತೆ. ಕೇಳಿದರೆ, ಇರುವೆ ನಿವೃತ್ತಿಯಾದರು ಅಂತ ಕಾರ್ಖಾನೆಯವರು ಅಂದರಂತೆ. ವಯಸ್ಸಾಗಿರಬೇಕು ಅಂದುಕೊಂಡರಂತೆ. ಆಮೇಲೂ ನಾಲ್ಕು ವರ್ಷ ಕುಣಿದರಲ್ಲ, ಆಗಿನ ಶೂಗಳ ಬಗ್ಗೆ, "ಎಲ್ಲವೂ ಒಳ್ಳೇ ಶೂಗಳೇ. ಆದ್ರೆ ನೆಲ ಎಲ್ಲಿದೆ ಅಂತ ನಿಮ್ಮ ತಾಯಿ ಶೂ ಹೇಳ್ತಿತ್ತು. ಅವು ಹೇಳ್ತಿರಲಿಲ್ಲ" ಅಂದರು. ನೀನು ಯಾಕೆ ಕೆಲಸ ಬಿಟ್ಟೆ ಅಂತ ನಾನು ಹೇಳಿದಾಗ ಅವರು ಮುಖ ಮುಚ್ಚಿಕೊಳ್ಳಲಿಲ್ಲ, ನೆಪ ಹೇಳಲಿಲ್ಲ. ನನ್ನ ಪೆನ್ನು ಕೇಳಿದರು, ಫಲಕದ ಕರಡು ಕೇಳಿದರು, ಅಲ್ಲೇ ಕೂತು ತಿದ್ದಿದರು. ಅವರ ಕೈಬರಹದಲ್ಲಿ ಈಗ ಹೀಗಿದೆ: "ಈ ಶೂಗಳನ್ನು ಕೈಯಾರೆ ಮಾಡಿದವರ ಗುರುತು ಅಟ್ಟೆಯ ಮೇಲಿನ ಇರುವೆ. ಹದಿನಾಲ್ಕು ವರ್ಷ ನಾನು ನಿಂತದ್ದು ಅವರ ಕೆಲಸದ ಮೇಲೆ. ಆ ಸಂಜೆ ನಾನು ಬಿದ್ದದ್ದು, ಯಾರಿಗೂ ಹೇಳದೆ ಬಚ್ಚಿಟ್ಟ ಗಾಯದಿಂದ. ಶೂ ಗಟ್ಟಿಯಾಗಿಯೇ ಇತ್ತು." ಅರವತ್ತು ಪದದ ಲೆಕ್ಕದಲ್ಲಿ ಇನ್ನೂ ಎಷ್ಟೋ ಜಾಗ ಉಳಿಯಿತು. ಉಳಿಯಲಿ ಅಂದೆ.

ಇರುವೆ ಕಾಣುವಂತೆ ಶೂಗಳನ್ನು ಅಟ್ಟೆ ಮೇಲ್ಮುಖವಾಗಿ ಇಡುವ ವಿಷಯಕ್ಕೆ ಮಾತ್ರ ನಮ್ಮ ನಿರ್ದೇಶಕರ ಜೊತೆ ಜಗಳವೇ ಆಯಿತು. "ಜನ ರಿಬ್ಬನ್ ನೋಡೋಕೆ ಬರ್ತಾರೆ ಕಣ್ರಿ, ತಳ ನೋಡೋಕಲ್ಲ" ಅಂದರು. ಹದಿನೆಂಟು ವರ್ಷದಲ್ಲಿ ಮೊದಲ ಸಲ ನಾನು ಅವರಿಗೆ ಎದುರು ಮಾತಾಡಿದೆ. ಕೊನೆಗೆ ಒಂದು ಶೂ ನೆಟ್ಟಗೆ, ಇನ್ನೊಂದು ಬೋರಲಾಗಿ ಅಂತ ರಾಜಿಯಾಯಿತು. ಬೋರಲಾದದ್ದರ ಮೇಲೆ ದೀಪ ಬೀಳುತ್ತದೆ. ಇರುವೆ ಚೆನ್ನಾಗಿ ಕಾಣುತ್ತದೆ, ಆರು ಕಾಲೂ ಎಣಿಸಬಹುದು.

ಗ್ಯಾಲರಿ ತೆರೆಯುವುದು ಇಪ್ಪತ್ತೊಂಬತ್ತಕ್ಕೆ, ಬೆಳಿಗ್ಗೆ ಹನ್ನೊಂದಕ್ಕೆ. ಹಿಂದಿನ ದಿನ ನಾನೇ ಬಂದು ಕರೆದುಕೊಂಡು ಬರುತ್ತೇನೆ. ಮ್ಯೂಸಿಯಂನಲ್ಲಿ ಲಿಫ್ಟ್ ಇದೆ, ಹತ್ತುವುದೂ ಇಲ್ಲ, ಇಳಿಯುವುದೂ ಇಲ್ಲ. ಬರಲೇಬೇಕು ಅಂತ ಹಟ ಹಿಡಿಯಲು ನನಗೆ ಹಕ್ಕಿದೆಯೋ ಇಲ್ಲವೋ ಗೊತ್ತಿಲ್ಲ, ಆದರೂ ಹಿಡಿಯುತ್ತಿದ್ದೇನೆ.

ಅಕ್ಕನಿಗೆ ನನ್ನ ಪ್ರೀತಿ, ಭಾವನಿಗೆ ನಮಸ್ಕಾರ, ನಿನ್ನ ಮೊಣಕಾಲಿಗೆ ಒಂದು ಸಣ್ಣ ಬೈಗುಳ. ನಿನ್ನ ಕೈಗಳಿಗೆ, ಭೂತಗನ್ನಡಿ ಸಾರ್ ಹೇಳಿದ್ದನ್ನೇ ನಾನೂ ಹೇಳುತ್ತೇನೆ.

ನಿನ್ನ
ಚಿಕ್ಕವಳು

ಮರೆತಿದ್ದೆ: ಲಕೋಟೆಯಲ್ಲಿ ಇನ್ನೊಂದು ಕಾಗದವಿದೆ, ಬೀಳಿಸಿಬಿಡಬೇಡ. ಐದೂವರೆಯವರು ಈಗ ಎಂಟು ಹುಡುಗಿಯರಿಗೆ ಪಾಠ ಹೇಳುತ್ತಾರೆ. ಅದರಲ್ಲಿ ಒಬ್ಬಳಿಗೆ ಅಂಗಡಿಯ ಯಾವ ಶೂವೂ ಹೊಂದುತ್ತಿಲ್ಲವಂತೆ, ದಿನಾ ಬೆರಳು ಒಡೆದುಕೊಂಡು ಬರುತ್ತಾಳಂತೆ. ಹೊರಡುವ ಮುಂಚೆ ಚೀಲದಿಂದ ಹಳೆಯ ಗುಲಾಬಿ ಚೀಟಿಯ ಕಟ್ಟು ತೆಗೆದು, "ನಾಲ್ಕು. ಅಗಲ ಕಡಿಮೆ. ಹಿಮ್ಮಡಿ ಒಂದು ಕಾಳಷ್ಟು ತಗ್ಗಿಸಿ. ಅವಸರವಿಲ್ಲ, ಪೂರ್ತಿ ಒಣಗಲಿ" ಅಂತ ಬರೆದುಕೊಟ್ಟರು. ಮೇಲ್ಗಡೆ ಯಾರಿಗೆ ಅಂತ ನೀನೇ ಓದಿಕೋ. ನಿನ್ನ ಸುತ್ತಿಗೆಯನ್ನು ಮೇಸ್ತ್ರಿ ಇನ್ನೂ ಹಾಗೇ ಇಟ್ಟಿದ್ದಾರೆ, ನಿನ್ನೆ ಹೋಗಿ ನೋಡಿ ಬಂದೆ. ಈ ಕಾಗದ ನಿನ್ನ ಕೈಸೇರಿರುತ್ತದೆ ಅಂತ ಭಾನುವಾರ ಸಂಜೆ ಆರಕ್ಕೆ ಫೋನು ಮಾಡುತ್ತೇನೆ. ಅಷ್ಟರಲ್ಲಿ ಹಾಲು ಕಾಯಿಸಿ ಇಳಿಸಿಟ್ಟಿರು.