‘ಸ್ಲೈಡ್’ ಎಂಬ ಪದದ ಕಾರ್ಡುಗಳು

ಮಾರ್ಚ್ 4
ನಿಘಂಟಿನ ಆಫೀಸು. ಈ ಸಲ ‘ಸ್ಲೈಡ್’ ನನ್ನ ಪಾಲಿಗೆ ಬಂತು. ಅರ್ಥಕ್ಕೊಂದು ಕಾರ್ಡು. ಅದರ ಮೇಲೆ ಯಾರೋ ನಿಜವಾಗಿ ಆಡಿದ ಮಾತು, ಆಡಿದವರು ಯಾರು, ತಾರೀಕು. ಕುಳಿತಲ್ಲೇ ಹೊಸೆದ ವಾಕ್ಯ ಕಂಡರೆ ಸಂಪಾದಕರು ಕಾರ್ಡನ್ನೇ ಹರಿಯುತ್ತಾರೆ. “ಕಿವಿ ಮನೇಲಿ ಬಿಟ್ಟು ಬಂದ್ರೇನ್ರೀ?”

ಮಾರ್ಚ್ 6
ಪಾರ್ಕಿನಲ್ಲಿ ಒಬ್ಬ ಅಜ್ಜಿ ಮೊಮ್ಮಗಳಿಗೆ: “ಸ್ಲೈಡ್ ಮೇಲಿಂದ ತಲೆಕೆಳಗಾಗಿ ಬರ್ಬೇಡ್ವೇ, ಕೋತಿ.” ಕಾರ್ಡು ಒಂದು.
ನಮ್ಮ ಆಫೀಸಿನ ಟೈಪಿಸ್ಟ್ ತನ್ನ ಮಾವನಿಗೆ ಫೋನಿನಲ್ಲಿ: “ಒತ್ಬೇಡಿ ಮಾವ, ಸ್ಲೈಡ್ ಮಾಡಿ.” ಪರದೆಯ ಮೇಲೆ ಬೆರಳು ಜಾರಿಸುವುದು; ಕಾರ್ಡು ಎರಡು. ನಾನು ಬರೆದುಕೊಳ್ಳುವುದನ್ನು ನೋಡಿ ನಕ್ಕಳು — “ನಿಮ್ಮೆದುರು ಬಾಯಿ ಬಿಡೋ ಹಾಗೇ ಇಲ್ಲ ಸಾರ್. ಬೈದ್ರೂ ಬರ್ಕೋತೀರ.”

ಮಾರ್ಚ್ 9, ಬೆಳಿಗ್ಗೆ 7
ಮೂರನೇ ಮಾತು ತಾನಾಗಿ ಬಂದು ಮಡಿಲಿಗೆ ಬಿತ್ತು. ಹೆಂಡತಿ ಒಲೆಯ ಕಡೆ ಮುಖ ಮಾಡಿಕೊಂಡೇ ಹೇಳಿದಳು: “ಲ್ಯಾಬ್‌ನೋರು ಸ್ಲೈಡ್ ಇನ್ನೊಂದ್ಸಲ ನೋಡ್ಬೇಕಂತೆ. ಬನ್ನಿ ಅಂದಿದಾರೆ.” ಸೂಕ್ಷ್ಮದರ್ಶಕದ ಕೆಳಗಿಡುವ ಗಾಜಿನ ಪಟ್ಟಿ ಎಂಬ ಅರ್ಥ. ಆ ಅರ್ಥಕ್ಕೆ ಇನ್ನೂ ಮಾತು ಸಿಕ್ಕಿರಲಿಲ್ಲ.
“ತಡಿ, ಇನ್ನೊಂದ್ಸಲ ಹೇಳು.”
ಹೇಳಿದಳು. ನಿಧಾನವಾಗಿ, ಡಿಕ್ಟೇಷನ್ ಕೊಟ್ಟಂತೆ. ಬರೆದುಕೊಂಡೆ. ಬಸ್ಸಿಗೆ ಹೊತ್ತಾಗಿತ್ತು.

ಮಾರ್ಚ್ 27, ಮಧ್ಯಾಹ್ನ
ಸಂಪಾದಕರು ಕಾರ್ಡು ಓದುತ್ತಾ ಕನ್ನಡಕ ತೆಗೆದರು. “ಆಡಿದವರು ಹೆಂಡತಿ ಅಂತಿದೆ. ಯಾರದ್ರೀ ಈ ಸ್ಲೈಡು?”
ನನಗೆ ಗೊತ್ತಿರಲಿಲ್ಲ.
ಅರ್ಧ ದಿನ ರಜೆ ಹಾಕಿ ಮನೆಗೆ ಬಂದು ಕೇಳಿದೆ.
“ನಂದೇ. ಕಂಕುಳಲ್ಲಿ ಗಂಟಿದೆ.”
“ನನಗೆ ಹೇಳ್ಬಾರ್ದಾ?”
“ಹೇಳಿದ್ನಲ್ಲ. ಎರಡೆರಡು ಸಲ ಹೇಳ್ಸಿದ್ರಿ.” ಬಟ್ಟೆ ಮಡಚುತ್ತಲೇ ಇದ್ದಳು. “ಸಂಜೆ ಬಂದು ಕೇಳ್ತೀರೇನೋ ಅಂತ ಕಾದೆ. ಒಬ್ಳೇ ಹೋಗೋಕೆ ಭಯ ಆಯ್ತು.”
ಕಾರ್ಡಿನಲ್ಲಿ ತಾರೀಕು ಇದೆ. ಹದಿನೆಂಟು ದಿನ.

ಏಪ್ರಿಲ್ 2
ಡಾಕ್ಟರು ಕೇಳಿದ್ದು ಅವಳನ್ನಲ್ಲ, ನನ್ನನ್ನು. “ಇಷ್ಟು ದಿನ ಏನ್ ಮಾಡ್ತಿದ್ರಿ?”

ಜೂನ್ 14
ಒಂದು ಕಾರ್ಡು ಬಾಕಿ. ತಲೆಗೂದಲಿಗೆ ಸಿಕ್ಕಿಸುವ ಸ್ಲೈಡು. ಸಂಪಾದಕರು ಅವಸರ ಮಾಡುತ್ತಿಲ್ಲ.

ಜೂನ್ 15, ಸಂಜೆ
ಕನ್ನಡಿಯ ಮುಂದೆ ತಗಡಿನ ಡಬ್ಬಿ ತೆರೆದಿಟ್ಟುಕೊಂಡು ಕೂತಿದ್ದಳು. ತಲೆಗೆ ಹತ್ತಿಯ ಬಟ್ಟೆ.
“ಈ ಸ್ಲೈಡುಗಳ್ನ ನಿಮ್ ಟೈಪಿಸ್ಟ್‌ಗೆ ಕೊಡಿ. ನನ್ ತಲೇಲಿ ಇನ್ನೆಲ್ಲಿ ನಿಲ್ತಾವೆ.” ಡಬ್ಬಿಯನ್ನು ನನ್ನ ಕಡೆ ತಳ್ಳಿ, “ಬರ್ಕೊಳ್ಳಿ. ಇದಕ್ಕೂ ಕಾರ್ಡು ಬೇಕಂದಿದ್ರಲ್ಲ.”
ಪೆನ್ನು ಜೇಬಿನಲ್ಲೇ ಇತ್ತು. ತೆಗೆಯಲಿಲ್ಲ. ಪಕ್ಕದಲ್ಲಿ ಕೂತೆ. ಹೇಗಿದೆ, ಎಲ್ಲಿ ನೋವು, ಎಂದು ಕೇಳಿದೆ. ತುಂಬಾ ಹೊತ್ತು ಹೇಳಿದಳು. ಅವಳು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ.